ಕ್ಯಾಮೆರಾ ಕದ್ದ ಅಳು

ಯಮುನಮ್ಮನವರು ಕೊನೆಯ ನಾಟಕದ ರವಿಕೆಗೆ ಕೊಕ್ಕೆ ಹೊಲಿದು ದಾರ ಕಡಿಯುತ್ತಿದ್ದಾಗ ಅಭಿನಂದನ ಸಮಿತಿಯ ಮಹಾಂತೇಶ್ ಶಿಕಾರಿಪುರದ ಅವರ ಮನೆಗೆ ಬಂದರು. ತಾಳಗುಂದದಿಂದ ಜಡೆಯವರೆಗೆ ಯಾವ ಊರಿನ ರೈತರು ನಾಟಕ ಕಟ್ಟಿದರೂ ನಾಯಕಿಯ ಪಾತ್ರಕ್ಕೆ ಮೊದಲು ನೆನಪಾಗುತ್ತಿದ್ದ ಕಲಾವಿದೆ ಅವರು. ಮೂವತ್ತು ವರ್ಷಗಳ ರಂಗಸೇವೆಯಿಂದ ನಿವೃತ್ತರಾಗುತ್ತಿರುವ ಅವರಿಗೆ ಸೊರಬದಲ್ಲಿ ಸನ್ಮಾನ ನಿಶ್ಚಯವಾಗಿತ್ತು.

"ಅಮ್ಮಾರೆ, ಮೊದ್ಲು ನೀವು ಮಾಡಿದ್ ಸಿನಿಮಾದ ಆ ಅಳೋ ಸೀನ್ ಪರದೆ ಮ್ಯಾಲೆ ಹಾಕ್ತೀವ್ರಿ. ಆಮೇಲೆ ಹಾರ."

"ನಾಟಕದ್ದು?"

"ಅದ್ರ ವಿಡಿಯೊ ಎಲ್ಲೈತ್ರಿ? ಅಲ್ದೆ, ನಿಮ್ಮ ಜೀವಮಾನದ ಅಭಿನಯ ಅಂದ್ರೆ ಇದೇ ಅಲ್ರೀ!"

ಯಮುನಮ್ಮನವರಿಗೆ ಮೈಯೆಲ್ಲ ಉರಿಯಿತು. ಅದು ಅಭಿನಯವೇ ಆಗಿರಲಿಲ್ಲ.

ರಂಗದ ಮೇಲೆ ಅವರು ಹಾಡುತ್ತ ಅಳುತ್ತಿದ್ದರು. ಗಂಟಲು ಬಿಗಿದರೂ ಶ್ರುತಿ ಬಿಡುವಂತಿಲ್ಲ, ತೂಗಿಬಿಟ್ಟ ಮೈಕಿನ ಕೆಳಗಿಂದ ಕದಲುವಂತಿಲ್ಲ. ಎದುರಿಗೆ ರಾಜನಾಗಿ ನಿಂತ ರೈತ ಮಾತು ಮರೆತು ಬೆವರಿದರೆ, ಬಿಕ್ಕುವ ನೆಪದಲ್ಲಿ ಅವನ ಎದೆಗೊರಗಿ ಅವನ ಮಾತನ್ನು ಅವನ ಕಿವಿಗೇ ಉಸುರುತ್ತಿದ್ದರು. ಹಾಗೆ ಮಾನ ಉಳಿಸಿಕೊಂಡ ರಾಜರು ಈ ಎರಡು ತಾಲೂಕುಗಳಲ್ಲಿ ಎಷ್ಟೋ ಮಂದಿ.

ಅಂಜನಾಪುರ ಜಲಾಶಯದ ಏರಿಯ ಮೇಲೆ ಆ ಸಿನಿಮಾದ ಚಿತ್ರೀಕರಣ ನಡೆದಾಗಲೂ ಅವರು ಹಾಗೆಯೇ ಅತ್ತರು. "ಆಂಟಿ, ಇದು ನಾಟಕ ಆಯ್ತು," ಎಂದ ನಿರ್ದೇಶಕ. ಅವರು ಬೇಸರಿಸಲಿಲ್ಲ. ನಾಟಕದಲ್ಲಿ ಕೊನೆಯ ಸಾಲಿನಲ್ಲಿ ಕೂತವನನ್ನು ತಾನು ಮುಟ್ಟಬೇಕು, ಇಲ್ಲಿ ಅವನೇ ಎದ್ದು ಬಂದು ಕ್ಯಾಮೆರಾ ಆಗಿ ಮೂಗಿನ ಹತ್ತಿರ ಕೂತಿದ್ದಾನೆ ಎಂದು ಅರ್ಥಮಾಡಿಕೊಂಡರು. "ಸ್ವಲ್ಪ ಟೈಮ್ ಕೊಡ್ರಿ, ಕಲೀತೀನಿ," ಎಂದರು.

ಕೊಡಲಿಲ್ಲ. ಬದಲಿಗೆ ಚಿತ್ರತಂಡದವನೊಬ್ಬ ಓಡಿಬಂದು, ಅವರ ಜೊತೆ ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿದ್ದ ಹುಲಿಯಪ್ಪ ಮೇಷ್ಟ್ರು ಲಾರಿಗೆ ಸಿಕ್ಕಿ ತೀರಿಹೋದರೆಂದ. ಯಮುನಮ್ಮನವರು ಕುಸಿದು ಮಣ್ಣಿಗೆ ಹಣೆ ಬಡಿದುಕೊಂಡರು. ಕ್ಯಾಮೆರಾ ಓಡುತ್ತಲೇ ಇತ್ತು.

"ಸೂಪರ್ ಆಂಟಿ! ಮೇಷ್ಟ್ರು ಚೆನ್ನಾಗೇ ಇದಾರೆ." ಎಂದ ನಿರ್ದೇಶಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸುದ್ದಿ ಕೇಳಿ ಹುಲಿಯಪ್ಪನವರು ಜಡೆಯಿಂದ ಬಸ್ಸು ಹತ್ತಿ ಬಂದು ಬಾಗಿಲಲ್ಲೇ ನಗಾಡಿದ್ದರು: "ನಾ ಸತ್ತದ್ದಕ್ಕೆ ಅಷ್ಟೊಂದ್ ಅತ್ರಂತೆ ಮಾರಾಯ್ತಿ! ಬದುಕಿದ್ದಾಗ ಒಂದ್ ಲೋಟ ಚಾ ಕುಡ್ಸಿದ್ದಿಲ್ಲ ನೀವು."

ಯಮುನಮ್ಮನವರಿಗೆ ನಗು ಬರಲಿಲ್ಲ. ಅಳುವುದನ್ನೇ ಕಸುಬಾಗಿ ಕಲಿತ ಹೆಂಗಸನ್ನು ಸುಳ್ಳು ಹೇಳಿ ಅಳಿಸಿದರು. ಊರು ಅದಕ್ಕೇ ಹಾರ ತಂದಿದೆ! ಅವರನ್ನು ಅಭಿನಂದಿಸುವ ಊರಿನವರಾದ ನಾವು ನಾಚಬೇಕಾದ ಮಾತಿದು. ಯಮುನಮ್ಮನವರು ಬಹುಕಾಲ ಬಾಳಿ, ಬಣ್ಣ ಹಚ್ಚಲಿರುವ ಹುಡುಗಿಯರಿಗೆ ತಮ್ಮ ವಿದ್ಯೆ ಧಾರೆಯೆರೆಯಲಿ; ಅದನ್ನು ವಿದ್ಯೆಯೆಂದು ಗುರುತಿಸುವ ಕಣ್ಣು ನಮಗೂ ಬರಲಿ.

"ಹಾಕ್ಲಾ ಅಮ್ಮಾರೆ, ಆ ಸೀನು?" ಮಹಾಂತೇಶ್ ಮತ್ತೆ ಕೇಳಿದರು.

"ಹಾಕ್ರಿ," ಎಂದರು ಯಮುನಮ್ಮನವರು.

ಸನ್ಮಾನದ ದಿನ ಪರದೆಯ ಮೇಲೆ ಬೆಳಕು ಬಿದ್ದ ಕೂಡಲೇ ಎದ್ದು ಹೋಗಿ ಅದಕ್ಕೆ ಅಡ್ಡ ನಿಲ್ಲಬೇಕು. ಆ ಚಿತ್ರ ಬೇಕಾದರೆ ತನ್ನ ಸೀರೆಯ ಮೇಲೆ ಬೀಳಲಿ. ಯಾರೂ ಸಾಯದೆ, ಶ್ರುತಿ ಬಿಡದೆ, ಕೊನೆಯ ಸಾಲಿಗೆ ಕೇಳುವಂತೆ ತಾನೇ ಅಳಬೇಕು. ಹಾಗೆಂದು ಮನಸ್ಸಿನಲ್ಲೇ ನಿಶ್ಚಯಿಸಿ, ಅವರು ಮುಂದಿನ ಕೊಕ್ಕೆ ಹೊಲಿಯಲು ಸೂಜಿಗೆ ದಾರ ಪೋಣಿಸಿದರು.