ಹುಳು ನಡೆದ ಇನ್ನೂರ ನಲವತ್ತು ಹಾಳೆಗಳು

ನನ್ನ ಮೊದಲ ಉದ್ಯೋಗ ಒಂದು ಹುಳುವನ್ನು ನಡೆಸುವುದಾಗಿತ್ತು. ಆಗ ನನಗೆ ಹತ್ತೊಂಬತ್ತು ವರ್ಷ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಅಪ್ಪ ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ಯಾವ ಕಡೆಗೆ ಎಷ್ಟು ಜನ ಎಂದು ಬೆಳಿಗ್ಗೆ ಹಂಚುವುದು ಅವರ ಕೆಲಸ. ನಾನು ಮಡಿಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಕಸೂತಿ ಹಾಕುವವರಿಗೆ ಹೂಬಳ್ಳಿಗಳನ್ನು ಬರೆದುಕೊಡುತ್ತಿದ್ದೆ. ಒಂದು ಮಾದರಿಯನ್ನು ಕಿಟಕಿಯ ಗಾಜಿಗೆ ಒತ್ತಿಟ್ಟು, ಮೇಲೆ ತೆಳು ಕಾಗದ ಹಿಡಿದು, ಹಿಂದಿನ ಬೆಳಕಿನಲ್ಲಿ ಕಾಣುವ ಗೆರೆಯನ್ನೇ ತಿದ್ದುವ ಕೆಲಸ ಅದು.

ಹಾಗೆ ತಿದ್ದುತ್ತಿದ್ದಾಗಲೇ ಒಂದು ದಿನ ನಕ್ಷೆಯವರು ನಮ್ಮ ಮನೆಗೆ ಬಂದರು. ಹತ್ತಿರದಲ್ಲೇ ಕಾಫಿ ಗಿಡಗಳ ಮೇಲೆ ಸಂಶೋಧನೆ ನಡೆಯುವ ಜಾಗವಿತ್ತು. ಅಲ್ಲಿ ಗಿಡ, ಎಲೆ, ಹುಳು, ತೋಟದ ನಕ್ಷೆ ಎಲ್ಲವನ್ನೂ ಬರೆಯುತ್ತಿದ್ದ ಚಿತ್ರಕಾರರು ಅವರು. ಐವತ್ತು ದಾಟಿದ್ದವರು, ಸೋಮವಾರಪೇಟೆ ಕಡೆಯವರು. ತೋಟಗಳನ್ನು ಅಳೆದು ನಕ್ಷೆ ಮಾಡುತ್ತಿದ್ದುದರಿಂದ ಸುತ್ತಲಿನವರೆಲ್ಲ ಅವರನ್ನು ನಕ್ಷೆಯವರು ಎಂದೇ ಕರೆಯುತ್ತಿದ್ದರು. ಅಪ್ಪನ ಹತ್ತಿರ ಏನೋ ಕೇಳಲು ಬಂದವರು ಕಿಟಕಿಯ ಬಳಿ ನಿಂತು ನನ್ನ ಕೈಯನ್ನೇ ನೋಡಿದರು.

"ಗೆರೆ ನಡುಗ್ತಾ ಇಲ್ವಲ್ಲ ಕಣವ್ವ," ಎಂದರು. "ಇಂಥದನ್ನ ಒಂದೇ ಸಮ ಇನ್ನೂರು ಸಲ ಬರಿಯೋಕೆ ಆಯ್ತದಾ?"

ನಾನು ಆಗುತ್ತದೆ ಎಂದೆ. ಏನು, ಯಾಕೆ ಎಂದು ಕೇಳಲಿಲ್ಲ.

ಅವ್ವನಿಗೆ ಮಾತ್ರ ವಿಷಯ ತಿಳಿದ ಮೇಲೆ ನಗು. "ಹುಳದ ಚಿತ್ರ ಬರೆಯಕೆ ಸಂಬಳ ಕೊಟ್ಟವೆನಾ?" ಎಂದು ನಮ್ಮ ಅರೆಭಾಷೆಯಲ್ಲಿ ಕೇಳಿದಳು. ಅಪ್ಪ, "ಹೋಗ್ಲಿ ಬಿಡ್, ಸುಮ್ನೆ ಮನೆಲಿ ಕುದ್ದು ಎಂತ ಮಾಡುದು?" ಎಂದರು. ಮಾರನೆಯ ವಾರದಿಂದ ಆ ಸಂಶೋಧನೆಯ ಜಾಗಕ್ಕೆ ಅವರ ಜೀಪಿನಲ್ಲಿ ಹೋಗತೊಡಗಿದೆ.

ಹುಳು ಎಂದರೆ ಕಾಂಡಕೊರಕ. ಅದರ ದುಂಬಿ ಕಾಫಿ ಗಿಡದ ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದ ಒಳಗೆ ಸುರಂಗ ಕೊರೆದು ಗಿಡವನ್ನು ಕೊಲ್ಲುತ್ತದೆ. ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದರೆ ಮೊಟ್ಟೆಗೆ ಜಾಗವಿರುವುದಿಲ್ಲ. ಇಷ್ಟನ್ನು ಎಸ್ಟೇಟಿನ ಆಳುಗಳಿಗೆ ಹೇಳಬೇಕಿತ್ತು. ಆದರೆ ಆಳುಗಳು ವಾಸವಿದ್ದ ಸಾಲುಮನೆಗಳಲ್ಲಿ, ಅಂದರೆ ಲೈನುಗಳಲ್ಲಿ, ತಮಿಳು, ಮಲಯಾಳ, ತುಳು, ಕೊಡವ, ಕನ್ನಡ ಎಲ್ಲ ಕಲಸಿಹೋಗಿತ್ತು. ಅಧಿಕಾರಿಗಳ ಭಾಷಣ ಅರ್ಧ ಜನಕ್ಕೆ ಮುಟ್ಟುತ್ತಿರಲಿಲ್ಲ. ಗೋಡೆಗೆ ಹಚ್ಚಲು ನಕ್ಷೆಯವರು ಒಂದು ಚಿತ್ರ ಬರೆದಿದ್ದರು: ಮೊಟ್ಟೆ, ಮರಿಹುಳು, ದುಂಬಿ, ಮೂರೂ ಸಾಲಾಗಿ. ಅದನ್ನು ನೋಡಿದ ಆಳುಗಳು ಇವು ಮೂರು ಬೇರೆ ಬೇರೆ ಪೀಡೆಗಳು ಎಂದುಕೊಂಡರಂತೆ.

"ತಪ್ಪು ಅವರದಲ್ಲ," ಎಂದು ನಕ್ಷೆಯವರು ನನಗೆ ಮೊದಲ ದಿನವೇ ಹೇಳಿದರು. "ಮೂರು ಚಿತ್ರ ಕೊಟ್ಟು ಮಧ್ಯದ್ದನ್ನ ನಾನು ನುಂಗಿಬಿಟ್ಟೆ. ಮೊಟ್ಟೆ ಹೆಂಗೆ ಹುಳ ಆಯ್ತು, ಹುಳ ಹೆಂಗೆ ದುಂಬಿ ಆಯ್ತು, ಅದನ್ನ ತೋರಿಸ್ಲೇ ಇಲ್ಲ. ಆ ಮಧ್ಯದ್ದೇ ನಿನ್ನ ಕೆಲಸ."

ಚಿತ್ರ ಅಲುಗಾಡಬೇಕು ಎಂದು ಅವರು ತೀರ್ಮಾನಿಸಿದ್ದರು. ಹರೆಯದಲ್ಲಿ ಮೈಸೂರಿನಲ್ಲಿ ಎಲ್ಲೋ ಒಂದು ಪೆಟ್ಟಿಗೆ ನೋಡಿದ್ದರಂತೆ: ಹಿಡಿ ತಿರುಗಿಸಿದರೆ ಒಳಗಿನ ಹಾಳೆಗಳು ಪಟಪಟನೆ ಒಂದರ ಮೇಲೊಂದು ಬಿದ್ದು ಮನುಷ್ಯನೊಬ್ಬ ಓಡುವಂತೆ ಕಾಣುತ್ತದೆ. ಅಂಥದೇ ಒಂದನ್ನು ವಿರಾಜಪೇಟೆಯ ಬಡಗಿಯಿಂದ ಮಾಡಿಸಿದ್ದರು. ಹಲಸಿನ ಮರದ ಪೆಟ್ಟಿಗೆ, ಒಳಗೆ ಒಂದು ಉರುಳೆ, ಹೊರಗೆ ಹಿಡಿ, ಮುಂದೆ ಕಣ್ಣಿಟ್ಟು ನೋಡಲು ಗಾಜು ಕೂರಿಸಿದ ತೂತು. ಹಳೆಯ ಸೈಕಲ್ಲಿನ ಹಲ್ಲುಚಕ್ರ, ಚೈನು ಹಾಕಿ, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಹನ್ನೆರಡು ಹಾಳೆ ಬೀಳುವ ಹಾಗೆ ಮಾಡಿಕೊಂಡಿದ್ದರು. ಸೆಕೆಂಡಿಗೆ ಒಂದು ಸುತ್ತು. ಇನ್ನೂರ ನಲವತ್ತು ಹಾಳೆಗೆ ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ದುಂಬಿ ಬಂದು, ಮೊಟ್ಟೆ ಇಟ್ಟು, ಗಿಡ ಸತ್ತು, ಕೊನೆಗೆ ನಾರು ಹಿಡಿದ ಒಂದು ಕೈ ಕಾಂಡ ಉಜ್ಜಬೇಕು.

ಡ್ರಾಯಿಂಗ್ ಟೀಚರಾಗಿ ನಿವೃತ್ತಳಾದ ಮೇಲೆ ನಾನು ಕಂಪ್ಯೂಟರ್ ಅನಿಮೇಷನ್ನಿನ ತರಗತಿಯೊಂದರಲ್ಲಿ ಕೂತಿದ್ದೆ. ಅಲ್ಲಿ ಹೇಳಿಕೊಟ್ಟ ಹೆಸರುಗಳೆಲ್ಲ ಹೊಸವು, ಕೆಲಸ ಮಾತ್ರ ನನ್ನ ಕೈಗೆ ಗೊತ್ತಿದ್ದದ್ದು. ಒಂದು ಕ್ಷಣದ ಚಿತ್ರವೇ ಫ್ರೇಮ್. ಸೆಕೆಂಡಿಗೆ ಎಷ್ಟು ಎಂಬುದು ಫ್ರೇಮ್ ರೇಟ್. ಚಲನೆಯ ಮುಖ್ಯ ಘಟ್ಟಗಳು ಕೀ ಫ್ರೇಮ್. ನಕ್ಷೆಯವರು ಅವನ್ನು 'ಗೂಟದ ಚಿತ್ರ' ಎನ್ನುತ್ತಿದ್ದರು. ತೋಟ ಅಳೆಯುವಾಗ ಮೊದಲು ಮೂಲೆಗಳಿಗೆ ಗೂಟ ಹೊಡೆದು ಆಮೇಲೆ ಗೆರೆ ಎಳೆಯುತ್ತಾರಲ್ಲ, ಹಾಗೆ. ಗೂಟದ ಚಿತ್ರಗಳನ್ನು ಅವರೇ ಬರೆಯುತ್ತಿದ್ದರು: ದುಂಬಿ ಕಾಂಡದ ಮೇಲ್ಗಡೆ, ದುಂಬಿ ನಡುವೆ, ದುಂಬಿ ಸಂದಿನ ಬಳಿ. ಒಂದು ಗೂಟದಿಂದ ಇನ್ನೊಂದಕ್ಕೆ ಹೋಗುವ ಹತ್ತೋ ಹದಿನೈದೋ ಚಿತ್ರಗಳು ನನ್ನವು. ಈಗ ಅದನ್ನು ಟ್ವೀನಿಂಗ್ ಎನ್ನುತ್ತಾರೆ, ಕಂಪ್ಯೂಟರು ತಾನೇ ಮಾಡಿಕೊಡುತ್ತದೆ.

ಕಾಗದಕ್ಕೆ ಅವರು ಕಂಡುಕೊಂಡ ದಾರಿ ಚೆನ್ನಾಗಿತ್ತು. 'ಕೂರ್ಗ್' ಎಂದು ಅಚ್ಚಾಗಿದ್ದ ಹಳೆಯ ಫಾರಂಗಳು ರಾಜ್ಯ ಬದಲಾದ ಮೇಲೆ ಕೆಲಸಕ್ಕೆ ಬಾರದೆ ಕಟ್ಟುಕಟ್ಟಾಗಿ ಬಿದ್ದಿದ್ದವು. ಅವುಗಳ ಬೆನ್ನ ಮೇಲೆ ಕರಡು ಬರೆದೆವು. ಮೇಜಿನ ನಡುವೆ ಗಾಜು ಕೂರಿಸಿ ಕೆಳಗೆ ದೀಪ ಇಟ್ಟಿದ್ದರು. ಹಿಂದಿನ ಚಿತ್ರದ ಮೇಲೆ ಹೊಸ ಹಾಳೆ ಇಟ್ಟರೆ ದುಂಬಿ ಈಗಷ್ಟೇ ಬಿಟ್ಟುಬಂದ ಜಾಗ ಮಸುಕಾಗಿ ಕಾಣುತ್ತಿತ್ತು. ಇದಕ್ಕೆ ಆನಿಯನ್ ಸ್ಕಿನ್, ಈರುಳ್ಳಿ ಸಿಪ್ಪೆ ಎಂಬ ಹೆಸರಿದೆ ಎಂದು ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು. ಹಾಳೆ ಅತ್ತಿತ್ತ ಸರಿಯದಂತೆ ಆಫೀಸಿನ ಪಂಚಿಂಗ್ ಮಿಷನ್ನಿನಲ್ಲಿ ತೂತು ಹೊಡೆದು, ಮೇಜಿಗೆ ಬಡಿದ ಎರಡು ಮೊಳೆಗಳಿಗೆ ಸಿಕ್ಕಿಸುತ್ತಿದ್ದೆವು.

ಕಾಂಡ ಅಲುಗುವುದಿಲ್ಲ, ದುಂಬಿ ಮಾತ್ರ ಅಲುಗುತ್ತದೆ. ಆದರೂ ಪ್ರತಿ ಹಾಳೆಯಲ್ಲೂ ಕಾಂಡ ಬೇಕು. ನಾನು ಮೊದಲ ಹತ್ತು ಹಾಳೆಯಲ್ಲಿ ಅದನ್ನು ಕೈಯಲ್ಲೇ ಬರೆದೆ. ಪೆಟ್ಟಿಗೆಗೆ ಹಾಕಿ ತಿರುಗಿಸಿದರೆ ಕಾಂಡ ಜ್ವರ ಬಂದವರ ಹಾಗೆ ನಡುಗಿತು. ನಕ್ಷೆಯವರು ಬೈಯಲಿಲ್ಲ. ಕಾಂಡವನ್ನು ಸ್ಟೆನ್ಸಿಲ್ ಮೇಲೆ ಒಂದೇ ಸಲ ಬರೆದು, ಆಫೀಸಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಇನ್ನೂರ ನಲವತ್ತು ದಪ್ಪ ಹಾಳೆಗಳ ಮೇಲೂ ಅದನ್ನೇ ಒತ್ತಿಸಿದರು. "ಅಲುಗದೇ ಇರೋದು ಬೇರೆ, ಅಲುಗೋದು ಬೇರೆ. ಎರಡನ್ನೂ ಒಂದೇ ಕೈಗೆ ಕೊಡಬಾರದು," ಎಂದರು. ಈಗಿನವರು ಲೇಯರ್ ಎನ್ನುವ ಪದರ ಎಂದರೆ ಏನು ಎಂದು ನಾನು ಮುಂದೆ ಯಾರಿಗೆ ವಿವರಿಸುವಾಗಲೂ ಇದಕ್ಕಿಂತ ಚೆನ್ನಾಗಿ ಹೇಳಲು ಆಗಲಿಲ್ಲ.

ಆದರೆ ಕಾಂಡ ನಿಂತ ಮೇಲೂ ದುಂಬಿ ನಡೆಯಲಿಲ್ಲ, ಜಾರಿತು. ಗೂಟದಿಂದ ಗೂಟಕ್ಕೆ ನಾನು ಸ್ಕೇಲಿನಲ್ಲಿ ಅಳೆದು, ಒಂದೇ ಸಮ ದೂರ ಇಟ್ಟು ಬರೆದಿದ್ದೆ. ಯಾರೋ ದಾರ ಕಟ್ಟಿ ಎಳೆಯುತ್ತಿರುವ ಹಾಗೆ ಕಂಡಿತು. ಎರಡು ವಾರದ ಕೆಲಸ. ನನಗೆ ಅಳು ಬರುವುದೊಂದು ಬಾಕಿ.

"ನೀನು ಹುಳ ನೋಡಿದ್ಯಾ?" ಎಂದು ನಕ್ಷೆಯವರು ಕೇಳಿದರು.

"ನೋಡಿದ್ದೇನೆ ಸರ್, ಪಿನ್ನು ಚುಚ್ಚಿಟ್ಟಿರುವುದನ್ನು."

"ಸತ್ತಿದ್ದನ್ನ ನೋಡಿ ನಡಿಗೆ ಬರೆದ್ರೆ ಹಿಂಗೇ ಆಗೋದು. ಬಾ."

ಮಳೆ ಹಿಡಿಯುವುದಕ್ಕೆ ಇನ್ನೂ ತಿಂಗಳಿತ್ತು. ದುಂಬಿಗಳು ಹೊರಬೀಳುವ ಕಾಲ. ನೆರಳಿಲ್ಲದ ಕಡೆಯ ಒಂದು ಅರೇಬಿಕಾ ಕಾಫಿ ಗಿಡದ ಮುಂದೆ ಇಬ್ಬರೂ ಗೋಣಿ ಹಾಸಿ ಕೂತೆವು. ಬಿಸಿಲು ಏರಿದಾಗ ಒಂದು ದುಂಬಿ ಬಂತು. ಕಪ್ಪು ಮೈ, ಮೇಲೆ ಬೂದುಬಿಳಿಯ ಪಟ್ಟೆ. ಸರಕ್ಕನೆ ಓಡಿತು. ನಿಂತಿತು. ಮೀಸೆ ಆಡಿಸಿತು. ಮತ್ತೆ ಓಡಿತು. ನಕ್ಷೆಯವರು ಕಣ್ಣು ಮಿಟುಕಿಸದೆ ನೋಡುತ್ತ ಪೆನ್ಸಿಲಿನ ತುದಿಯಿಂದ ಮಂಡಿಯ ಮೇಲೆ ತಾಳ ಹಾಕುತ್ತಿದ್ದರು. ಓಡುವಾಗ ಇಷ್ಟು, ನಿಂತಾಗ ಅಷ್ಟು. ಹೊರಡುವಾಗ ಹೆಜ್ಜೆ ಹತ್ತಿರ ಹತ್ತಿರ, ಆಮೇಲೆ ದೂರ, ನಿಲ್ಲುವ ಮುಂಚೆ ಮತ್ತೆ ಹತ್ತಿರ. ಆರು ಕಾಲುಗಳಲ್ಲಿ ಮೂರು ಊರಿಕೊಂಡಿದ್ದಾಗ ಮೂರು ಮುಂದಕ್ಕೆ ಬರುತ್ತವೆ ಎಂದು ಅವರು ತೋರಿಸಿದ ಮೇಲೆ ನನಗೂ ಕಂಡಿತು. ಮೂರು ದಿನ ಹಾಗೆ ಕೂತೆವು. ಅವರ ವಯಸ್ಸಿನ ಒಬ್ಬ ಮನುಷ್ಯ ಒಂದು ಹುಳುವಿನ ಮುಂದೆ ಇಷ್ಟು ವಿನಯದಿಂದ ಕೂತದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ವಾಪಸು ಬಂದು ಉದ್ದನೆಯ ಕಾಗದದ ಪಟ್ಟಿಯೊಂದರಲ್ಲಿ ಇನ್ನೂರ ನಲವತ್ತು ಮನೆ ಮಾಡಿ, ಯಾವ ಮನೆಯಲ್ಲಿ ಓಟ, ಯಾವ ಮನೆಯಲ್ಲಿ ನಿಲುವು ಎಂದು ಗುರುತು ಹಾಕಿದರು. ಇವತ್ತಿನ ಟೈಮ್‌ಲೈನ್ ಅದೇ. ನಿಂತ ಚಿತ್ರವನ್ನು ಎಂಟು ಹಾಳೆಯಷ್ಟು ಹಾಗೇ ಉಳಿಸಬೇಕು ಎಂದಾಗ ನನಗೆ ಅನುಮಾನ ಬಂತು. ಅಲುಗಾಡಿಸಬೇಕಾದ ಕಡೆ ಅಲುಗಿಸದೇ ಇರುವುದು ಏಕೆ? ತಿರುಗಿಸಿ ನೋಡಿದಾಗ ಗೊತ್ತಾಯಿತು. ಆ ಎಂಟು ಹಾಳೆಗಳಲ್ಲೇ ದುಂಬಿ ಯೋಚನೆ ಮಾಡುತ್ತಿರುವಂತೆ ಕಾಣುತ್ತಿತ್ತು. ನಾನು ಪೆಟ್ಟಿಗೆಯ ತೂತಿನಿಂದ ಕಣ್ಣು ತೆಗೆಯದೆ ನಾಲ್ಕು ಸಲ ನೋಡಿದೆ.

ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ ಪೆಟ್ಟಿಗೆಯನ್ನು ಜೀಪಿನಲ್ಲಿಟ್ಟು ಅಪ್ಪನ ಎಸ್ಟೇಟಿಗೇ ಮೊದಲು ಒಯ್ದೆವು. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಸ್ಟೂಲಿನ ಮೇಲೆ ಇಟ್ಟೆವು. ಲೈನಿನವರು ಸಾಲು ನಿಂತರು. ಒಬ್ಬೊಬ್ಬರೂ ಬಗ್ಗಿ ನೋಡಿ, "ಅಯ್ಯೋ, ಓಡ್ತದೆ!" ಎಂದು ಹಿಂದೆ ಸರಿದು ನಗುವುದು, ಮತ್ತೆ ಬಗ್ಗುವುದು. ಮೊಟ್ಟೆ ಊದಿ, ಒಡೆದು, ಹುಳುವಾಗಿ ಕಾಂಡದೊಳಕ್ಕೆ ಹೋಗುವುದನ್ನು ನೋಡಿದ ಒಬ್ಬ ಮಲಯಾಳಿ ಮೇಸ್ತ್ರಿ, "ಅಪ್ಪೊ ಮೂರೂ ಒಂದೇ ಅಲ್ಲವಾ!" ಎಂದು ಪಕ್ಕದವನ ಬೆನ್ನಿಗೆ ಗುದ್ದಿದ. ನಕ್ಷೆಯವರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು.

ಆಮೇಲೆ ಒಬ್ಬ ಹೆಂಗಸು ಬಂದಳು. ನಲವತ್ತೈದರ ಸುಮಾರು, ತಮಿಳಿನವಳು, ವರ್ಷಗಳಿಂದ ಅದೇ ತೋಟದಲ್ಲಿ ಕಾಫಿ ಹಣ್ಣು ಕೀಳುವ ಪಿಕಿಂಗ್ ಕೆಲಸ ಮಾಡುತ್ತಿದ್ದವಳು. ಅವಳು ನಗಲಿಲ್ಲ. ಎರಡು ಸಲ ನೋಡಿ ತಲೆ ಅಲ್ಲಾಡಿಸಿದಳು.

"ಇಲ್ಲೆ ಸಾಮಿ. ಇದು ತಪ್ಪು."

ಅಪ್ಪ, "ಏಯ್, ಸುಮ್ನಿರು," ಎಂದರು. ನಕ್ಷೆಯವರು ಅಪ್ಪನನ್ನು ಕೈಯಲ್ಲೇ ತಡೆದು, "ಯಾವುದು ತಪ್ಪು, ಹೇಳವ್ವ," ಎಂದರು.

"ಬಂತು, ಮೊಟ್ಟೆ ಇಟ್ಟಿತು, ಹೋಯ್ತು ಅಂತ ತೋರಿಸ್ತೀರಿ. ಅದು ಹಂಗೆ ಸುಮ್ನೆ ಇಡಲ್ಲ. ಬಾಲದಲ್ಲಿ ತಡವಿ ತಡವಿ ನೋಡ್ತದೆ. ಇಲ್ಲಿ ಚುಚ್ಚಿ ನೋಡ್ತದೆ, ಬೇಡ. ಅಲ್ಲಿ ನೋಡ್ತದೆ, ಬೇಡ. ಸಂದು ಸಿಕ್ಕಿದ್ರೆ ಮಾತ್ರ ಇಡೋದು. ಸಂದೇ ಇಲ್ಲ ಅಂದ್ರೆ ಹೋಗಿಬಿಡ್ತದೆ. ಅದನ್ನ ತೋರಿಸಿದ್ರೆ ತಾನೇ ಯಾಕೆ ಉಜ್ಜಬೇಕು ಅಂತ ಗೊತ್ತಾಗೋದು?"

ಹೇಳುತ್ತಾ ಅವಳು ತನ್ನ ಎಡಗೈಯನ್ನು ಕಾಂಡದ ಹಾಗೆ ಎತ್ತಿ ಹಿಡಿದು, ಬಲಗೈಯ ತೋರುಬೆರಳಿನಿಂದ ತಡವುತ್ತ, ನಿಲ್ಲುತ್ತ, ಮತ್ತೆ ತಡವುತ್ತ ತೋರಿಸಿದಳು. ನಕ್ಷೆಯವರು ಸ್ಟೂಲಿನ ಪಕ್ಕ ನೆಲದ ಮೇಲೇ ಕೂತು ನೋಟ್‌ಬುಕ್ ತೆಗೆದರು. "ಇನ್ನೊಂದು ಸಲ ಮಾಡವ್ವ. ನಿಧಾನಕ್ಕೆ," ಎಂದರು. ಐದು ಸಲ ಮಾಡಿಸಿದರು. ಇಪ್ಪತ್ತು ವರ್ಷದಿಂದ ಹುಳುಗಳನ್ನೇ ಬರೆಯುತ್ತಿದ್ದವರು, ಅಷ್ಟು ಜನರ ಮುಂದೆ ತಮ್ಮ ತಪ್ಪನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಮುಜುಗರವಿರಲಿಲ್ಲ, ಹೊಸ ವಿಷಯ ಸಿಕ್ಕಿದ ಗೆಲುವಿತ್ತು.

ಜೀಪಿನಲ್ಲಿ ವಾಪಸು ಬರುವಾಗ, "ನಾವು ಮೂರು ದಿನ ಕೂತ್ವಿ. ಆಯಮ್ಮ ಎಷ್ಟು ವರ್ಷದಿಂದ ನೋಡ್ತಾ ಇದ್ದಾಳೋ," ಎಂದಷ್ಟೇ ಹೇಳಿದರು.

ಮೊಟ್ಟೆ ಇಡುವ ಭಾಗದ ನಲವತ್ತೆಂಟು ಹಾಳೆಗಳನ್ನು ಕಿತ್ತು ಹೊಸದಾಗಿ ಬರೆದೆವು. ಹನ್ನೆರಡು ದಿನ ಹಿಡಿಯಿತು. ಕೊನೆಯಲ್ಲಿ ಉಜ್ಜಿದ ಕಾಂಡದ ಮೇಲೆ ದುಂಬಿ ಅದೇ ರೀತಿ ತಡವಿ, ಜಾಗ ಸಿಗದೆ, ರೆಕ್ಕೆಯ ಮೇಲಿನ ಚಿಪ್ಪು ಎತ್ತಿ ಹಾರಿಹೋಗುವುದನ್ನೂ ಸೇರಿಸಿದೆವು. ಹಾರುವ ಮುಂಚೆ ಅದು ಒಂದು ಚೂರು ಕುಗ್ಗಬೇಕು, ಆಗಲೇ ಹಾರಿದ್ದು ಕಣ್ಣಿಗೆ ಸಿಗುತ್ತದೆ ಎಂದು ಹೇಳಿ ಆ ನಾಲ್ಕು ಹಾಳೆಗಳನ್ನು ಅವರೇ ಬರೆದರು. ಹಾಳೆಗಳ ಒಟ್ಟು ಲೆಕ್ಕ ಮೀರಬಾರದೆಂದು ನನ್ನ ಕೆಲವು ಓಟದ ಚಿತ್ರಗಳು ಹೋದವು. ನನಗೆ ಅಷ್ಟೇನೂ ಬೇಸರವಾಗಲಿಲ್ಲ.

ಎಲ್ಲ ಮುಗಿದ ಮೇಲೆ ನಕ್ಷೆಯವರು ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮೂರು ಸಾಲು ಬರೆದರು. ಚಿತ್ರ ಎಂದು ತಮ್ಮ ಹೆಸರು. ನಡುವಿನ ಚಿತ್ರಗಳು ಎಂದು ನನ್ನ ಹೆಸರು, ಅಷ್ಟೇ ದೊಡ್ಡ ಅಕ್ಷರದಲ್ಲಿ. ಮೂರನೆಯ ಸಾಲಿಗೆ ಬೇಕಾಗಿದ್ದ ಆ ಹೆಂಗಸಿನ ಹೆಸರು ಗೊತ್ತಿರಲಿಲ್ಲ. ನನ್ನನ್ನು ಅಪ್ಪನ ಬಳಿ ಕಳಿಸಿ, ಹಾಜರಿ ಪುಸ್ತಕ ನೋಡಿ ಬರೆದುಕೊಂಡು ಬರಲು ಹೇಳಿದರು. 'ಹುಳು ನಡೆಯುವ ರೀತಿ ತಿಳಿಸಿದವರು' ಎಂದು ಬರೆದು ಅದರ ಮುಂದೆ ಆ ಹೆಸರು ಸೇರಿಸಿದರು.

ಪೆಟ್ಟಿಗೆ ಮತ್ತೆ ಆ ಕಣಕ್ಕೆ ಹೋದಾಗ ಅವಳು ತನ್ನ ಸರದಿಗೆ ಬಂದಳು. ಮುಚ್ಚಳದ ಮೇಲೆ ಏನು ಬರೆದಿದೆ ಎಂದು ನನ್ನನ್ನೇ ಕೇಳಿದಳು. ಓದಿ ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಗ್ಗಿ, ಹಿಡಿಯನ್ನು ತಾನೇ ಹಿಡಿದು, ಬಹಳ ನಿಧಾನವಾಗಿ ತಿರುಗಿಸಿದಳು. ಒಂದೊಂದು ಹಾಳೆಯೂ ಬೀಳುವುದು ನಮಗೆ ಕೇಳುತ್ತಿತ್ತು. ಮೊಟ್ಟೆ ಇಡುವ ಜಾಗಕ್ಕೆ ಬಂದಾಗ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತಂದಳು.

"ಈಗ ಸರಿ," ಎಂದಳು. ಸಾಲಿನಲ್ಲಿ ಹಿಂದೆ ನಿಂತವರು ಬೇಗ ಬೇಗ ಎಂದು ಗಲಾಟೆ ಮಾಡಿದರೂ ಅವಳು ಇನ್ನೊಂದು ಸಲ ಪೂರ್ತಿ ನೋಡಿಯೇ ಎದ್ದಳು. ಮರುದಿನ ಬೆಳಿಗ್ಗೆ ಕಾಂಡ ಉಜ್ಜಲು ಹೊರಟ ಗುಂಪಿಗೆ ಯಾರು ಹೇಗೆ ಉಜ್ಜಬೇಕೆಂದು ಅವಳೇ ತೋರಿಸಿಕೊಡುತ್ತಿದ್ದಳು ಎಂದು ಅಪ್ಪ ಊಟಕ್ಕೆ ಬಂದಾಗ ಹೇಳಿದರು.