ಬಾಗಿಲು ಬಡಿಯುವ ಕೆಲಸ

ಬಾಹ್ಯಾಕಾಶಕ್ಕೆ ಹೋಗುವವರಿಗೆ ಬೆಂಕಿಯ ಪಾಠ ಕಲಿಸುವ ಕೇಂದ್ರದಲ್ಲಿ ಎಲ್ಲರೂ ಅವನನ್ನು ಹೊಗೆಯಣ್ಣ ಎಂದೇ ಕರೆಯುತ್ತಿದ್ದರು. ನೌಕೆಯಂತೆಯೇ ಕಟ್ಟಿದ ತಗಡಿನ ಕೋಣೆಯಲ್ಲಿ ಕುಳಿತು ಯಂತ್ರದಿಂದ ಹೊಗೆ ಬಿಡುವುದು, ಯಾತ್ರಿಗಳು ಹೊರಗೋಡಿ ಬಾಗಿಲು ಹಾಕಿದ ಮೇಲೆ ಒಳಗಿನಿಂದ ಬಡಿದು, "ತೆಗೀರಿ, ಸಾಯ್ತೀನಿ" ಎಂದು ಅರಚುವುದು ಅವನ ಕೆಲಸ. ಅರಚುವುದಕ್ಕೂ ಸಂಬಳವೇ ಎಂದು ಹುಬ್ಬೇರಿಸಬೇಡಿ. ಕರುಳು ಚುರ್ ಎಂದಿತೆಂದು ನೌಕೆಯಲ್ಲಿ ಆ ಬಾಗಿಲು ತೆರೆದರೆ ವಿಷದ ಹೊಗೆ ಎಲ್ಲರನ್ನೂ ಮುಗಿಸುತ್ತದೆ. ಆ ಕರುಳನ್ನು ಗಟ್ಟಿ ಮಾಡುವವನು ಇವನು. "ಮನೇಲಿ ಕರೆದ್ರೆ ಓ ಅನ್ನೋಕೆ ದನಿ ಇಲ್ಲ, ಅಲ್ಲಿ ಗಂಟಲು ಹರ್ಕೊಳ್ತೀರಿ," ಎಂದು ಹೆಂಡತಿ ಗೊಣಗುತ್ತಿದ್ದಳು.

ಯಾತ್ರಿಗಳಲ್ಲಿ ಒಬ್ಬಳು ಪೈಲಟ್. ಹಿಂದಿನ ಸಲ ಅವನ ಗೋಳಾಟಕ್ಕೆ ಸೋತು ಬಾಗಿಲು ತೆರೆದು, ತರಬೇತುದಾರರಿಂದ ಚೆನ್ನಾಗಿ ಬೈಸಿಕೊಂಡಿದ್ದಳು. ಇನ್ನೊಮ್ಮೆ ತೆರೆದರೆ ತಂಡದಿಂದಲೇ ಹೊರಗೆ.

"ಇವತ್ತು ನನ್ನ ಯಾಮಾರಿಸೋಕಾಗಲ್ಲ, ಅಣ್ಣ," ಎಂದು ನಗುತ್ತ ಬಂದಳು.

ಅಂದು ಬಾಗಿಲು ಮುಚ್ಚಿದ ಮೇಲೆ ಬೇರೆಯದೇ ವಾಸನೆ ಬಂತು. ಯಂತ್ರದ ವೈರು ಸುಡುತ್ತಿತ್ತು. ತರಬೇತಿ ನಿಲ್ಲಿಸುವ ಗುಂಡಿ ಒತ್ತಿದ, ಅದರ ವೈರೂ ಸುಟ್ಟುಹೋಗಿತ್ತು. ಅವನು ದಿನಾ ನುಸುಳಿ ಹೋಗುವ ಹಿಂದಿನ ಕಿಂಡಿಗೆ ಅಡ್ಡವಾಗಿಯೇ ಯಂತ್ರ ಉರಿಯುತ್ತಿತ್ತು.

"ತೆಗೀರಿ, ನಿಜವಾಗ್ಲೂ ಬೆಂಕಿ," ಎಂದು ಬಾಗಿಲು ಬಡಿದ. ಹೊರಗೆ ಯಾರೋ ನಕ್ಕರು. ಆ ಮಾತನ್ನು ಅವನು ಹಿಂದೆಯೇ ಬಳಸಿಯಾಗಿತ್ತು. ತಾಯಾಣೆ ಎಂದ, ಅದನ್ನೂ ಬಳಸಿದ್ದ. ಮಕ್ಕಳ ಹೆಸರು ಹೇಳಿ ಅತ್ತದ್ದೂ ಆಗಿತ್ತು. ನಂಬಿಸಲು ತನ್ನ ಬಳಿ ಒಂದು ಮಾತೂ ಉಳಿದಿಲ್ಲ ಎಂದು ಆಗ ಹೊಳೆಯಿತು. ಉಸಿರು ಕಟ್ಟಿ ಬಾಗಿಲ ಬುಡದಲ್ಲೇ ಕುಸಿದ.

"ಅಣ್ಣ ಯಾಕೆ ಸುಮ್ಮನಾದ್ರು? ನೀವು ಸಾಕು ಅನ್ನೋವರೆಗೂ ಅವರು ಬಡಿಯೋದು ನಿಲ್ಸಲ್ವಲ್ಲ ಸರ್," ಪೈಲಟ್ ದನಿ.

"ಹೊಸ ನಾಟಕ ಇರ್ಬೇಕು. ತೆಗೆದ್ರೆ ಏನಾಗುತ್ತೆ ಗೊತ್ತಲ್ಲ?" ತರಬೇತುದಾರರ ದನಿ.

ಅವಳು ಬಾಗಿಲು ತೆರೆದಳು.

ಅದನ್ನು ತಪ್ಪೆಂದು ಎಣಿಸಲಿಲ್ಲ, ಪುಣ್ಯ. ಆದರೆ ಪರೀಕ್ಷೆ ಮತ್ತೆ ಆಗಲೇಬೇಕಿತ್ತು. ಅವನು ಚೇತರಿಸಿಕೊಂಡು, ಯಂತ್ರ ರಿಪೇರಿಯಾದ ಮೇಲೆ ಅದೇ ಕೋಣೆ, ಅದೇ ಬಾಗಿಲು. ಹೊಗೆ ಏರಿದ್ದೇ ತಡ, ಅವನ ಎದೆ ಬಡಿದುಕೊಂಡಿತು. ಇದು ಬರೀ ಯಂತ್ರದ ಹುಸಿ ಹೊಗೆ ಎಂದು ಗೊತ್ತಿದ್ದರೂ ಮೈ ಕೇಳಲಿಲ್ಲ. ಕಿಂಡಿ ತೆರೆದೇ ಇತ್ತು, ನುಸುಳಿ ಹೋಗಬಹುದಿತ್ತು. ಆದರೆ ಸದ್ದು ನಿಂತರೆ ಅವಳು ತೆರೆದೇ ತೆರೆಯುತ್ತಾಳೆ, ತಂಡದಿಂದ ಹೋಗುತ್ತಾಳೆ. ಅವನು ಕಿಂಡಿಗೆ ಬೆನ್ನು ಹಾಕಿ ಬಾಗಿಲು ಬಡಿಯತೊಡಗಿದ.

"ತೆಗಿಯಮ್ಮ, ನನ್ ಕೈಲಾಗ್ತಿಲ್ಲ."

ಬಾಗಿಲು ಮುಚ್ಚಿಯೇ ಇತ್ತು. ಅವನು ಕೊನೆಯವರೆಗೂ ಬಡಿದ.

"ಇವತ್ತಿನ ನಟನೆ ಮಾತ್ರ ಭೇಷ್," ಎಂದರು ತರಬೇತುದಾರರು. ಪೈಲಟ್ ನಗಲಿಲ್ಲ. ಅವನ ಬೆರಳ ಗೆಣ್ಣುಗಳಿಂದ ರಕ್ತ ಒಸರುವುದನ್ನು ನೋಡುತ್ತಿದ್ದಳು.

"ತೆಗೀಬೇಕಿತ್ತಾ, ಅಣ್ಣ?"

"ತೆಗೆದಿದ್ರೆ ನಾನೇ ಬೈತಿದ್ದೆ," ಎಂದ ಹೊಗೆಯಣ್ಣ, ಆ ಕೈಗಳನ್ನು ಜೇಬಿಗೆ ತುರುಕಿಕೊಳ್ಳುತ್ತ.