ಪೂಜೆಗೆ ಬಾರದ ಟ್ಯಾಬ್

ಕಳೆದ ವರ್ಷ ದಸರಾ ರಜೆಗೆ ಮುಂಚಿನ ಶನಿವಾರ, ಹಾನುಬಾಳು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು ಟ್ಯಾಬ್‌ಗಳಿಗೆ ಆಯುಧಪೂಜೆ ನಡೆಯಿತು. ಐದನೆಯದಕ್ಕೆ ನಡೆಯಲಿಲ್ಲ. ಅದರ ಗಾಜು ಒಡೆದಿತ್ತು.

"ಭಿನ್ನ ಆದದ್ದು ಪೂಜೆಗೆ ಬರಾಕಿಲ್ಲ ಕಣ್ರೀ," ಎಂದರು ಹೆಡ್‌ಮೇಷ್ಟ್ರು.

ನಾನು ವಾರಕ್ಕೊಮ್ಮೆ ಅಲ್ಲಿಗೆ ಮಕ್ಕಳಿಗೆ ಪತ್ರಿಕೆ ಓದಿಸಲು ಹೋಗುತ್ತಿದ್ದೆ. ಟ್ಯಾಬ್‌ಗಳನ್ನು ಯಾರೋ ದಾನಿಗಳು ಎಲ್ಲ ಮಕ್ಕಳಿಗೂ ಸಮನಾಗಿ ಇರಲಿ ಎಂದು ಕೊಟ್ಟಿದ್ದರು. ಊರಿನ ಮಕ್ಕಳು ನಾಲ್ಕರಲ್ಲಿ ವಿಡಿಯೊ ಮಾಡುತ್ತಿದ್ದರು, ನಕ್ಷೆ ನೋಡುತ್ತಿದ್ದರು, ಮೇಷ್ಟ್ರು ಬೆನ್ನು ತಿರುಗಿಸಿದರೆ ಕಾರು ಓಡಿಸುತ್ತಿದ್ದರು. ಕಾಫಿ ಎಸ್ಟೇಟಿನ ಲೈನ್‌ಮನೆಗಳಲ್ಲಿರುವ ಅಸ್ಸಾಂ ಕಡೆಯ ಕೂಲಿಗಾರರ ಮಕ್ಕಳಿಗೆಲ್ಲ ಸೇರಿ ಆ ಒಡೆದದ್ದು ಒಂದು. ಅದರಲ್ಲಿ ಬೆರಳಿನಿಂದ ಅ ಆ ತಿದ್ದುವ ಆಟ ಬಿಟ್ಟು ಮಿಕ್ಕದ್ದಕ್ಕೆಲ್ಲ ಹೆಡ್‌ಮೇಷ್ಟ್ರು ಪಾಸ್‌ವರ್ಡ್ ಹಾಕಿದ್ದರು. ಸರಿಯಾಗಿ ತಿದ್ದಿದರೆ ಒಂದು ಗಿಳಿ ಚಪ್ಪಾಳೆ ತಟ್ಟುತ್ತಿತ್ತು. ಮಕ್ಕಳು ಸದ್ದಿಲ್ಲದೆ ಕೂರುತ್ತಿದ್ದರು. ಹೆಡ್‌ಮೇಷ್ಟ್ರಿಗೆ ಆ ಆಟದಲ್ಲಿ ಮೆಚ್ಚುಗೆಯಾದದ್ದು ಮುಖ್ಯವಾಗಿ ಇದೇ.

ಲೈನ್‌ಮನೆಯ ಐದನೇ ತರಗತಿಯ ಒಬ್ಬ ಹುಡುಗಿಗೆ ಊರಿನ ಮಕ್ಕಳ ವಿಡಿಯೊ ಗುಂಪಿಗೆ ಸೇರಬೇಕಿತ್ತು. ಕಾಫಿ ಕೊಯ್ಲು ಮುಗಿದರೆ ಅಪ್ಪ ಅಮ್ಮ ಬೇರೆ ಎಸ್ಟೇಟಿಗೆ ಹೋಗುತ್ತಾರೆ, ಅಷ್ಟರೊಳಗೆ ಸೇರಿಸಿ ಎಂದು ನಾನಿದ್ದಾಗಲೇ ಹಲವು ಸಲ ಕೇಳಿದ್ದಳು.

"ಮೊದ್ಲು ಕನ್ನಡ ಕಲಿಯವ್ವ," ಎನ್ನುತ್ತಿದ್ದರು ಹೆಡ್‌ಮೇಷ್ಟ್ರು.

ಅವಳು ಕೇಳುತ್ತಿದ್ದುದು ಕನ್ನಡದಲ್ಲೇ.

ಹೆಡ್‌ಮೇಷ್ಟ್ರು ದೈವಭಕ್ತರು, ಕೆಲಸದಲ್ಲಿ ಅಚ್ಚುಕಟ್ಟು. ಪೂಜೆಯ ದಿನ ನೀರಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ನಾಲ್ಕೂ ಟ್ಯಾಬ್‌ಗಳಿಗೆ ಅಂಚಿನಿಂದ ಅಂಚಿಗೆ ಪಟ್ಟೆ ಎಳೆದರು. ಮೇಲೆ ಮಾವಿನೆಲೆಯಲ್ಲಿ ತೀರ್ಥ ಚಿಮುಕಿಸಿದರು. ಸಣ್ಣ ತೂತೊಂದನ್ನೂ ಬಿಡಲಿಲ್ಲ. ಹೂವಿಟ್ಟು, ಬೀರುವಿನಲ್ಲಿ ಬೀಗ ಹಾಕಿ, ರಜೆಗೆ ಹೋದರು.

ರಜೆ ಮುಗಿಸಿ ಬಂದಾಗ ನಾಲ್ಕಕ್ಕೂ ಮಾತು ನಿಂತಿತ್ತು. ಚಿತ್ರ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ರಿಪೇರಿಯವನು ಮೈಕಿನ ತೂತಿಗೆ ಸೂಜಿ ಹಾಕಿ ಬೂದಿ ತೆಗೆದು ತೋರಿಸಿದ.

"ಶಾಲೆಯಾಗೆ ಬೀಡಿ ಯಾರ್ ಸೇದ್ತಾರೆ ಸಾರ್?"

ಒಳಗೆ ನೀರೂ ಇಳಿದಿದೆ, ಹೊಸ ಮೈಕ್ ಬರಲು ಎರಡು ವಾರ ಬೇಕು ಎಂದು ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡು ಹೋದ.

ರಾಜ್ಯೋತ್ಸವ ಹತ್ತಿರವಿತ್ತು. ಮಕ್ಕಳು ಕನ್ನಡದಲ್ಲಿ ಮಾತಾಡುವ ವಿಡಿಯೊ ತಾಲ್ಲೂಕಿಗೆ ಕಳಿಸಬೇಕಿತ್ತು. ಶಾಲಾ ಸಮಿತಿ ಅಧ್ಯಕ್ಷರ ಮಗ ಭಾಷಣ ಉರು ಹೊಡೆದು, ಹೊಸ ಶರ್ಟು ಹಾಕಿಕೊಂಡು ಬಂದಿದ್ದ. ದನಿ ಹಿಡಿಯುವ ಟ್ಯಾಬ್ ಒಂದೇ ಉಳಿದಿತ್ತು. ಅದು ಹುಡುಗಿಯ ಮಡಿಲಲ್ಲಿತ್ತು.

"ಕೊಡವ್ವ ಇತ್ಲಾಗೆ," ಎಂದರು ಹೆಡ್‌ಮೇಷ್ಟ್ರು.

"ಮೊದ್ಲು ನಂದು, ಆಮ್ಯಾಕೆ ಅವಂದು."

"ನಿಂದು ಅ ಆ ಮುಗೀತೇನು?"

"ಮಳೆಗಾಲ್ದಾಗೇ ಮುಗೀತು ಸಾರ್. ಮುಗುದ್ರೂ ಅದೇ ಬತ್ತದೆ. ಮಿಕ್ಕಿದ್ದುಕ್ಕೆ ನೀವೇ ಬೀಗ ಹಾಕೀರಿ. ಆ ಗಿಣಿ ಮುಖ ನೋಡಿ ನೋಡಿ ವಾಂತಿ ಬತ್ತೈತೆ."

ಅಧ್ಯಕ್ಷರ ಮಗ ಮಧ್ಯೆ ಬಾಯಿ ಹಾಕಿದ. "ಕೊಡೇ, ನಂಗೆ ಮರ್ತೋಗ್ತೈತೆ."

"ಮರೀಲಿ ಬುಡು, ಯಾರ್ ಕೇಳ್ತಾರೆ?"

ಹೆಡ್‌ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಪಾಸ್‌ವರ್ಡ್ ಒತ್ತಿದರು.

ಅವಳು ಮಾತಾಡಿದ್ದು ಆನೆಗಳ ಬಗ್ಗೆ. "ಆನೆ ಬಂದ್ರೆ ನಮ್ ಎಸ್ಟೇಟ್ ರೈಟ್ರು ಮೊದ್ಲು ಸ್ಕೂಟ್ರು ಹತ್ತಿ ಓಡೋಗ್ಬುಡ್ತಾರೆ. ಆಮ್ಯಾಕೆ ಫೋನ್ ಮಾಡಿ, ಯಾರೂ ಓಡ್ಬ್ಯಾಡಿ, ಧೈರ್ಯವಾಗಿರಿ ಅಂತಾರೆ. ನಾವು ಧೈರ್ಯವಾಗಿ ಕಕ್ಕಸ್ನಾಗೆ ಕೂತ್ಕತೀವಿ." ಅಧ್ಯಕ್ಷರ ಮಗ ನಗುತ್ತಾ ನೆಲಕ್ಕೆ ಕೂತ. ತನ್ನ ಸರದಿ ಬಂದಾಗ ಭಾಷಣದ ಮೊದಲ ಸಾಲು ದಾಟಲು ಅವನಿಂದಾಗಲಿಲ್ಲ.

ಕಳಿಸಲು ಉಳಿದದ್ದು ಹುಡುಗಿಯ ವಿಡಿಯೊ. ಅದರಲ್ಲಿ ರೈಟರ್ ಬಂದ ಭಾಗವನ್ನು ಕತ್ತರಿಸಬೇಕಿತ್ತು. ಎಸ್ಟೇಟಿನ ಕೂಲಿ, ಲೆಕ್ಕ ನೋಡಿಕೊಳ್ಳುವ ಈ ರೈಟರ್ ಹೆಡ್‌ಮೇಷ್ಟ್ರ ಭಾವಮೈದುನ. ಕತ್ತರಿಸುವುದು ಹೆಡ್‌ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮಕ್ಕಳು ಗೊತ್ತಿಲ್ಲ ಎಂದರು. ವಿಡಿಯೊ ಇದ್ದ ಹಾಗೆಯೇ ತಾಲ್ಲೂಕಿಗೆ ಹೋಯಿತು. ತಾಲ್ಲೂಕಿನವರು ನೋಡಿದರೋ ಇಲ್ಲವೋ ತಿಳಿದುಬಂದಿಲ್ಲ. ರೈಟರ್ ನೋಡಿದರು.

ನವೆಂಬರ್‌ನಲ್ಲಿ ಅವಳನ್ನು ವಿಡಿಯೊ ಗುಂಪಿಗೆ ಸೇರಿಸಿಕೊಳ್ಳಲಾಯಿತು. ಲೈನ್‌ಮನೆಯ ಉಳಿದ ಮಕ್ಕಳು ಆಟದಲ್ಲೇ ಮುಂದುವರಿದರು. ಕೊಯ್ಲು ಮುಗಿದ ಮೇಲೆ ಅವಳ ಕುಟುಂಬ ಕೆ. ಹೊಸಕೋಟೆ ಕಡೆಯ ಎಸ್ಟೇಟಿಗೆ ಹೋಯಿತು. ಈ ಜೂನ್‌ನಲ್ಲಿ ಅವಳು ಅಲ್ಲಿನ ಶಾಲೆಯಲ್ಲಿ ಆರನೇ ತರಗತಿಗೆ ಸೇರಿದ್ದಾಳೆ. ಆ ಶಾಲೆಯಲ್ಲಿ ಟ್ಯಾಬ್‌ಗಳಿವೆ. ಅವನ್ನಿಟ್ಟ ಬೀರುವಿನ ಕೀ ವರ್ಗವಾಗಿ ಹೋದ ಶಿಕ್ಷಕರೊಬ್ಬರ ಬಳಿ ಇದೆ.